ಜಾಂಬೋನಿ ಡ್ರೈವರ್ ಗೋಲು ಕಾದ ರಾತ್ರಿ

ಹಾಕಿ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಕೊಡಗು. ಎಂ.ಪಿ. ಗಣೇಶ್, ಸೋಮಯ್ಯ, ಅರ್ಜುನ್ ಹಾಲಪ್ಪ.. ಮನೆತನಕ್ಕೊಂದು ಟೀಮ್ ಕಟ್ಟಿಕೊಂಡು ಆಡುವ ಕೊಡವ ಹಾಕಿ ಹಬ್ಬ. ಕೆನಡಾದಲ್ಲಿ ಯಾರ ಹತ್ತಿರವಾದರೂ "ನಮ್ಮ ರಾಜ್ಯದಲ್ಲೂ ಹಾಕಿ ಬಹಳ ಜೋರು" ಅಂತ ಹೇಳಿ ನೋಡಿ, "ಹೌದಾ, ಅಷ್ಟು ಚಳಿ ಇರುತ್ತಾ ಅಲ್ಲಿ?" ಅಂತ ಕೇಳ್ತಾರೆ :-) ಇಲ್ಲಿ ಬರೀ ಹಾಕಿ ಅಂದ್ರೆ ಐಸ್ ಹಾಕಿ. ನಮ್ಮದನ್ನ ಹೇಳಬೇಕಾದ್ರೆ 'ಫೀಲ್ಡ್ ಹಾಕಿ' ಅಂತ ಬಿಡಿಸಿ ಹೇಳಬೇಕು.

ಇವತ್ತು ಬರೀತಿರೋದು ಆ ಐಸ್ ಹಾಕಿ ಬಗ್ಗೆ. ಅದರಲ್ಲೂ 2020ರ ಫೆಬ್ರವರಿ 22ರ ಶನಿವಾರ ರಾತ್ರಿ ಟೊರೊಂಟೊದ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ಮಗನ ಜೊತೆ ಕೂತು ನೋಡಿದ ಒಂದು ಮ್ಯಾಚಿನ ಬಗ್ಗೆ. ನಮ್ಮ ತಂಡ ಸೋತ ಮ್ಯಾಚು. ಸೋತಿದ್ದೂ ಯಾರ ಕೈಲಿ ಅಂತೀರಿ.. ಇರಲಿ, ಅಲ್ಲಿಗೆ ಬರ್ತೀನಿ. ಅವತ್ತು ಮಗ ಕೇಳಿದ ಒಂದು ಪ್ರಶ್ನೆ ಇನ್ನೂ ತಲೇಲಿ ಕೂತಿದೆ. ಅದನ್ನ ನಿಮ್ಮ ಮುಂದಿಡೋಕೆ ಇಷ್ಟೆಲ್ಲ ಪೀಠಿಕೆ.

ನಮ್ಮ ತಂಡ ಅಂದ್ರೆ ಟೊರೊಂಟೊ ಮೇಪಲ್ ಲೀಫ್ಸ್. (ಎಲೆಗಳು ಅಂದ್ರೆ 'ಲೀವ್ಸ್' ಆಗಬೇಕಲ್ವಾ ಅಂತ ವ್ಯಾಕರಣ ತೆಗೀಬೇಡಿ, ಈ ಊರಲ್ಲಿ ಅದು ಲೀಫ್ಸೇ.) ಈ ತಂಡ ಸ್ಟ್ಯಾನ್ಲಿ ಕಪ್ ಕೊನೇ ಸಲ ಗೆದ್ದಿದ್ದು 1967ರಲ್ಲಿ. ಆಗ ಎನ್.ಎಚ್.ಎಲ್. ಲೀಗಿನಲ್ಲಿ ಇದ್ದಿದ್ದೇ ಆರು ತಂಡ. ಅದಾದ ಮೇಲೆ ಲೀಗು ಬೆಳೀತಾ ಬೆಳೀತಾ ಮೂವತ್ತು ದಾಟಿತು, ಮಂಜನ್ನೇ ಕಾಣದ ಫ್ಲೋರಿಡಾದವರೂ ಕಪ್ ಎತ್ತಿದರು. ನಮ್ಮೋರು ಮಾತ್ರ "ಮುಂದಿನ ವರ್ಷ" ಅಂತಲೇ ಇದ್ದಾರೆ. 2013ರಲ್ಲಿ ಬಾಸ್ಟನ್ ಮೇಲೆ ಏಳನೇ ಮ್ಯಾಚಿನ ಕೊನೇ ಅವಧೀಲಿ 4-1ರಲ್ಲಿ ಮುಂದಿದ್ದು, ಆಮೇಲೆ ಓವರ್‌ಟೈಮಲ್ಲಿ 5-4ಕ್ಕೆ ಸೋತಿದ್ದನ್ನ ಈ ಊರಿನ ಜನ ಸಾವಿನ ಮನೆ ಸುದ್ದಿ ಹೇಳಿದ ಹಾಗೆ ಹೇಳ್ತಾರೆ. ಬೆಂಗಳೂರಿನ ಓದುಗರಿಗೆ ಈ ನೋವನ್ನ ನಾನು ವಿವರಿಸೋ ಅಗತ್ಯ ಇಲ್ಲ ಬಿಡಿ. "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ಸೀಸನ್ ಕಾದವರು ನೀವು. ಇವರದ್ದು ಅದರ ಮೂರು ಪಟ್ಟು.

*

ಮೊದಲು ಒಂದು ಮಾತು. ಈ ಆಟವನ್ನ ಟಿವಿಯಲ್ಲಿ ನೋಡಿ "ಇದರಲ್ಲೇನಿದೆ, ಪಕ್ಕೇ ಕಾಣಲ್ಲ" ಅಂತ ಚಾನಲ್ ಬದಲಾಯಿಸಿದವರು ನಮ್ಮಲ್ಲಿ ಬಹಳ ಜನ. ಇದು ನಮ್ಮೋರದ್ದೊಂದೇ ದೂರಲ್ಲ. 1996ರಲ್ಲಿ ಅಮೆರಿಕದ ಫಾಕ್ಸ್ ಚಾನಲ್‌ನವರು ಪಕ್ಕಿನೊಳಗೆ ಎಲೆಕ್ಟ್ರಾನಿಕ್ಸ್ ಇಟ್ಟು, ಟಿವಿಯಲ್ಲಿ ಅದರ ಸುತ್ತ ನೀಲಿ ಬೆಳಕು ಬರೋ ಹಾಗೆ ಮಾಡಿದ್ರು. ಜೋರಾಗಿ ಹೊಡೆದ್ರೆ ಹಿಂದೆ ಕೆಂಪು ಬಾಲ ಬೇರೆ. ಹಳೇ ಅಭಿಮಾನಿಗಳು ಎಷ್ಟು ಬೈದರು ಅಂದ್ರೆ ಎರಡು ವರ್ಷದಲ್ಲಿ ಅದನ್ನ ಕೈಬಿಟ್ಟರು.

ಅರೀನಾದೊಳಗೆ ಕೂತಾಗ ಆ ಸಮಸ್ಯೆ ತಾನಾಗೇ ಹೋಗುತ್ತೆ. ನಾವು ಕೂತಿದ್ದು ಮೇಲಿನ ಅಂತಸ್ತು. ಸಹೋದ್ಯೋಗಿಯೊಬ್ಬರ ಸೀಸನ್ ಟಿಕೆಟ್ಟು, ಅವರಿಗೆ ಬರೋಕಾಗಲಿಲ್ಲ ಅಂತ ನಮಗೆ ಸಿಕ್ಕಿದ್ದು. ಇಲ್ಲದಿದ್ರೆ ಶನಿವಾರ ರಾತ್ರಿ ಅಪ್ಪ ಮಗ ಇಬ್ಬರೂ ಹೋಗಬೇಕು ಅಂದ್ರೆ ತಿಂಗಳ ದಿನಸಿ ದುಡ್ಡು ತೆಗೆದಿಡಬೇಕು. ಅಷ್ಟು ಮೇಲಿನಿಂದ ನೋಡಿದ್ರೆ 200 ಅಡಿ ಉದ್ದ, 85 ಅಡಿ ಅಗಲದ ಇಡೀ ರಿಂಕ್ ಒಂದೇ ನೋಟಕ್ಕೆ ಸಿಗುತ್ತೆ. ಐದು ನಿಮಿಷ ನೋಡಿ, ಪಕ್ಕನ್ನ ಹುಡುಕೋದನ್ನ ಕಣ್ಣು ತಾನೇ ಬಿಟ್ಟುಬಿಡುತ್ತೆ. ಹತ್ತು ಜನ ಯಾವ ಕಡೆ ಬಾಗ್ತಿದ್ದಾರೆ ಅಂತ ನೋಡಿದ್ರೆ ಸಾಕು, ಪಕ್ ಎಲ್ಲಿದೆ ಅಂತ ಗೊತ್ತಾಗುತ್ತೆ. ಜೇನುಹುಳ ಹಾರೋದನ್ನ ನೋಡಿ ಗೂಡು ಎಲ್ಲಿದೆ ಅಂತ ಹೇಳ್ತಾರಲ್ಲ, ಹಾಗೆ.

ಪಕ್ ಅಂದ್ರೆ ಒಂದು ಇಂಚು ದಪ್ಪ, ಮೂರು ಇಂಚು ಅಗಲದ ಕರೀ ರಬ್ಬರ್ ಬಿಲ್ಲೆ. ತೂಕ ಸುಮಾರು 160ರಿಂದ 170 ಗ್ರಾಂ. ನಮ್ಮ ಕ್ರಿಕೆಟ್ ಚೆಂಡಿನ ತೂಕವೂ ಹೆಚ್ಚೂ ಕಮ್ಮಿ ಅಷ್ಟೇ! ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿರ್ತಾರೆ. ಅದು ಗಂಟೆಗೆ ನೂರೈವತ್ತು ಕಿ.ಮೀ. ವೇಗದಲ್ಲಿ ಬರುವಾಗ ಎದುರಿಗೆ ನಿಂತುಕೊಳ್ಳೋದು ಒಬ್ಬ ಗೋಲ್‌ಕೀಪರ್. ಇಲ್ಲಿ ಅವನನ್ನ 'ಗೋಲಿ' ಅಂತಾರೆ. ನಾವು ಬೀದೀಲಿ ಆಡ್ತಿದ್ದ ಗೋಲಿ ಅಲ್ಲ, ಆದ್ರೆ ಹೊಡೆತ ತಿನ್ನೋದರಲ್ಲಿ ಇಬ್ಬರೂ ಒಂದೇ :-)

ಟಿವಿಯಲ್ಲಿ ಸಿಗದೇ ಇರೋ ಇನ್ನೊಂದು ವಸ್ತು ಶಬ್ದ. ಸ್ಕೇಟಿನ ಅಲಗು ಐಸನ್ನ ಸೀಳುವಾಗ ಬರೋ 'ಸರ್ರ್' ಅನ್ನೋ ಸದ್ದು, ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ. ಕೋಲಿಗೆ ಕೋಲು ತಾಗುವ 'ಟಕ್ ಟಕ್'. ಪಕ್ ಹೋಗಿ ಪಕ್ಕದ ಹಲಗೆಗೆ ಬಡಿದಾಗ ಖಾಲಿ ಡ್ರಮ್ಮಿಗೆ ಕಲ್ಲು ಹೊಡೆದ ಹಾಗೆ 'ಧಡಾರ್'. ಇಬ್ಬರು ಆಟಗಾರರು ಗಾಜಿಗೆ ಅಪ್ಪಳಿಸಿದಾಗಲಂತೂ ಮೇಲಿನ ಸಾಲಿನಲ್ಲಿ ಕೂತ ನಮ್ಮ ಭುಜವೂ ಒಂದ್ಸಲ ಮುದುಡುತ್ತೆ. ಎರಡೂ ಗೋಲುಗಳ ಹಿಂದೆ ಎತ್ತರಕ್ಕೆ ಕಪ್ಪು ಬಲೆ ಕಟ್ಟಿರ್ತಾರೆ. 2002ರಲ್ಲಿ ಅಮೆರಿಕದ ಕೊಲಂಬಸ್ ಊರಿನಲ್ಲಿ ಮ್ಯಾಚ್ ನೋಡೋಕೆ ಬಂದ 13 ವರ್ಷದ ಹುಡುಗಿಯೊಬ್ಬಳಿಗೆ ಪಕ್ ತಗುಲಿ ಎರಡು ದಿನದ ಮೇಲೆ ತೀರಿಕೊಂಡಳು. ಆಮೇಲೆ ಲೀಗಿನ ಎಲ್ಲ ಕಡೆ ಬಲೆ ಬಂತು. ಆ ಬಲೆ ನೋಡಿದಾಗೆಲ್ಲ ನಂಗೆ ಅದು ನೆನಪಾಗುತ್ತೆ.

ಮತ್ತೆ ಆಟಗಾರರು ಬದಲಾಗೋ ರೀತಿ. ಟಿವಿ ಪಕ್ಕಿನ ಹಿಂದೆಯೇ ಓಡೋದರಿಂದ ಇದು ಸರಿಯಾಗಿ ಕಾಣೋದೇ ಇಲ್ಲ. ಐಸ್ ಮೇಲೆ ಒಂದು ಕಡೆಗೆ ಐದು ಜನ ಮತ್ತು ಒಬ್ಬ ಗೋಲಿ. ಆದ್ರೆ ಆ ಐದು ಜನ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಾಡಿ, ಆಟ ನಡೀತಿರೋ ಹಾಗೇ ಬೆಂಚಿನ ಗೋಡೆ ಹಾರಿ ಒಳಗೆ ಬೀಳ್ತಾರೆ. ಅದೇ ಕ್ಷಣಕ್ಕೆ ಇನ್ನೈದು ಜನ ಗೋಡೆ ಹಾರಿ ಹೊರಗೆ. ಯಾರೂ ಸೀಟಿ ಊದಲ್ಲ, ಆಟ ನಿಲ್ಲಲ್ಲ. ಹೀಗೆ ಹದಿನೆಂಟು ಜನ ಸರದಿ ಮೇಲೆ ಆಡ್ತಾರೆ. ಬದಲಾಗದವನು ಗೋಲಿ ಒಬ್ಬನೇ. ಅವನಿಗೆ ಏನಾದ್ರೂ ಆದ್ರೆ ಅಂತ ಬೆಂಚಿನಲ್ಲಿ ಇನ್ನೊಬ್ಬ ಗೋಲಿ ಟೋಪಿ ಹಾಕ್ಕೊಂಡು ಕೂತಿರ್ತಾನೆ. ಒಟ್ಟು ಇಪ್ಪತ್ತು ಜನ.

ಆ ಎರಡನೆಯವನಿಗೂ ಏನಾದ್ರೂ ಆದ್ರೆ? ಈ ಪ್ರಶ್ನೆಯನ್ನ ಆವತ್ತಿನ ತನಕ ನಾನು ಕೇಳಿಕೊಂಡಿರಲಿಲ್ಲ.

*

ಎದುರಾಳಿ ಕ್ಯಾರೊಲಿನಾ ಹರಿಕೇನ್ಸ್. ಅಮೆರಿಕದ ತಂಡವಾದ್ದರಿಂದ ಎರಡೂ ದೇಶದ ರಾಷ್ಟ್ರಗೀತೆ ಆಯ್ತು. ಅವರ ಗೋಲಿ ಜೇಮ್ಸ್ ರೈಮರ್. ಮೇಲೆ ಹೇಳಿದ ಆ 2013ರ ಬಾಸ್ಟನ್ ಮ್ಯಾಚಿನಲ್ಲಿ ಟೊರೊಂಟೊ ಕಡೆ ಗೋಲಿಯಾಗಿದ್ದವನೇ ಈ ರೈಮರ್. ಮೊದಲ ಅವಧಿಯಲ್ಲೇ ಪೆಟ್ಟಾಗಿ ಅವನು ಒಳಗೆ ಹೋದ. ಟೋಪಿ ಹಾಕ್ಕೊಂಡು ಕೂತಿದ್ದ ಪೆಟ್ರ್ ಮ್ರಾಜೆಕ್ ಬಂದ. ಎರಡನೇ ಅವಧೀಲಿ ಮ್ರಾಜೆಕ್ ಪಕ್ ಹೊಡೆಯೋಕೆ ಅಂತ ಗೋಲು ಬಿಟ್ಟು ಬಹಳ ಮುಂದೆ ಬಂದ, ನಮ್ಮ ಕೈಲ್ ಕ್ಲಿಫರ್ಡ್ ಆ ಕಡೆಯಿಂದ ವೇಗವಾಗಿ ಬಂದ, ಇಬ್ಬರೂ ಡಿಕ್ಕಿ. ಮ್ರಾಜೆಕ್ ಬಿದ್ದಲ್ಲೇ ಬಿದ್ದಿದ್ದ. ಹತ್ತೊಂಬತ್ತು ಸಾವಿರದ ಹತ್ತಿರ ಜನ ಇದ್ದ ಜಾಗ ಒಂದ್ಸಲ ಗಪ್ ಚುಪ್.

ಆಗ ಕ್ಯಾರೊಲಿನಾ 3-1ರಿಂದ ಮುಂದಿತ್ತು. ಎರಡನೇ ಅವಧಿ ಮುಗಿಯೋಕೆ 8 ನಿಮಿಷ 41 ಸೆಕೆಂಡು ಬಾಕಿ. ಗೋಲಿ ಇಲ್ಲ.

ಇದಕ್ಕೊಂದು ನಿಯಮ ಇತ್ತು. ಪ್ರತಿ ಮ್ಯಾಚಿಗೂ ಆ ಊರಿನ ತಂಡದವರು ಸ್ಥಳೀಯನೊಬ್ಬನನ್ನ 'ತುರ್ತು ಗೋಲಿ' ಅಂತ ಕರೆಸಿ ಕೂರಿಸಬೇಕು. ಅವನು ಯಾವ ತಂಡಕ್ಕೂ ಸೇರಿದವನಲ್ಲ. ಎರಡರಲ್ಲಿ ಯಾವ ಕಡೆಯ ಇಬ್ಬರೂ ಗೋಲಿಗಳು ಬಿದ್ದರೂ ಆ ಕಡೆಗೆ ಆಡಬೇಕು. ವೃತ್ತಿಪರ ಆಟಗಾರ ಆಗಿರಕೂಡದು. ಸಾಮಾನ್ಯವಾಗಿ ಯಾರೋ ಅಕೌಂಟೆಂಟು, ಯಾರೋ ಹಳೇ ಕಾಲೇಜು ಆಟಗಾರ, ಪುಕ್ಕಟೆ ಮ್ಯಾಚ್ ನೋಡಿ ಮನೆಗೆ ಹೋಗ್ತಾರೆ. ಯಾವತ್ತೂ ಕರೆ ಬರಲ್ಲ ಅನ್ನೋ ನಂಬಿಕೆ ಮೇಲೆ ನಡೀತಿದ್ದ ಕೆಲಸ ಅದು.

ಸ್ವಲ್ಪ ಹೊತ್ತಿಗೆ ಆ ಕಡೆ ಬಾಗಿಲಿನಿಂದ ಒಬ್ಬ ಬಂದ. ಕ್ಯಾರೊಲಿನಾದ ಬಿಳೀ ಅಂಗಿ, ಬೆನ್ನ ಮೇಲೆ 90. ಆದ್ರೆ ಹಾಕಿಕೊಂಡಿದ್ದ ಸಾಮಾನು ನಮ್ಮ ಟೊರೊಂಟೊ ಕಡೆಯ ನೀಲಿದು! ನಮ್ಮ ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಇವನು ನಮ್ಮ ಜಾಂಬೋನಿ ಡ್ರೈವರು!" ಅಂತ ಕೂಗಿದ್ರು. ಸುತ್ತ ನಗುವೋ ನಗು. ಮಗ ಕುರ್ಚಿ ಮೇಲೆ ಹತ್ತಿ ನಿಂತ. ಇನ್ನೇನು, ಗೆದ್ದ ಹಾಗೇ ಅಂತ ಅವನ ಮುಖ ಅರಳಿತ್ತು. ನಂಗೂ ಹಾಗೇ ಅನ್ನಿಸಿತ್ತು.

ಜಾಂಬೋನಿ ಅಂದ್ರೆ ಏನು ಅಂತ ಇಲ್ಲೇ ಹೇಳಿಬಿಡ್ತೀನಿ. ಇಪ್ಪತ್ತು ನಿಮಿಷ ಸ್ಕೇಟಿನ ಅಲಗು ಕೊರೆದು ಕೊರೆದು ಐಸು ಉತ್ತ ಹೊಲದ ಹಾಗೆ ಆಗಿರುತ್ತೆ. ವಿರಾಮದಲ್ಲಿ ಟ್ರ್ಯಾಕ್ಟರ್ ಥರದ ಗಾಡಿ ಬಂದು ಮೇಲಿನ ಪದರ ತೆಳ್ಳಗೆ ಹೆರೆದು ಒಳಗೆಳೆದುಕೊಂಡು, ತೊಳೆದು, ಹಿಂದುಗಡೆಯಿಂದ ಬಿಸಿನೀರು ಸವರಿಕೊಂಡು ಹೋಗುತ್ತೆ. ಬಿಸಿನೀರು ಯಾಕೆ ಅಂದ್ರೆ, ಅದು ಮೇಲಿನ ಐಸನ್ನ ಚೂರು ಕರಗಿಸಿ ಅದರ ಜೊತೆ ಬೆಸೆದುಕೊಳ್ಳುತ್ತೆ. ಗಾಳಿಗುಳ್ಳೆಯೂ ಕಮ್ಮಿ. ಕೆಲವೇ ನಿಮಿಷದಲ್ಲಿ ನೆಲ ಕನ್ನಡಿ. ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ ಅನ್ನೋರು 1949ರಲ್ಲಿ ಮೊದಲನೇ ಗಾಡಿ ಕಟ್ಟಿದರು, ಅವರ ಹೆಸರೇ ಗಾಡಿಗೆ ನಿಂತಿತು. ಸಾವಿರಾರು ಜನ ಕೂತು ಒಂದು ಗಾಡಿ ನಿಧಾನಕ್ಕೆ ಸುತ್ತು ಹೊಡೆಯೋದನ್ನ ರೆಪ್ಪೆ ಮಿಟುಕಿಸದೆ ನೋಡೋದು ಈ ಆಟದಲ್ಲಿ ಮಾತ್ರ. ಅಂಗಳಕ್ಕೆ ಸಗಣಿ ಸಾರಿಸೋದನ್ನ ನೋಡ್ತಾ ಕೂತಷ್ಟೇ ಸಮಾಧಾನ ಅದರಲ್ಲಿ.

ಬಂದವನ ಹೆಸರು ಡೇವಿಡ್ ಏರ್ಸ್. ವಯಸ್ಸು 42. ಟೊರೊಂಟೊದ ಹಳೇ ಹಾಕಿ ಗುಡಿ ಮೇಪಲ್ ಲೀಫ್ ಗಾರ್ಡನ್ಸ್ ಇದೆಯಲ್ಲ, ಆ 1967ರ ಕಪ್ ಗೆದ್ದಿದ್ದೂ ಅಲ್ಲೇ, ಅದರ ಕೆಳಗಡೆ ಈಗ ದೊಡ್ಡ ದಿನಸಿ ಅಂಗಡಿ, ಮೇಲುಗಡೆ ವಿಶ್ವವಿದ್ಯಾಲಯದ ರಿಂಕು. ಆ ರಿಂಕಿನ ಉಸ್ತುವಾರಿ ನೋಡಿಕೊಂಡು, ಜಾಂಬೋನಿ ಓಡಿಸಿಕೊಂಡು ಇದ್ದವನು. ಲೀಫ್ಸ್‌ನ ಕೆಳಗಿನ ತಂಡ ಮಾರ್ಲೀಸ್‌ಗೆ, ಕೆಲವು ಸಲ ಲೀಫ್ಸ್‌ಗೂ, ಪ್ರಾಕ್ಟೀಸಿನಲ್ಲಿ ಗೋಲಿ ಸಾಲದಾದಾಗ ಹೋಗಿ ನಿಲ್ತಿದ್ದ. ಅಂದ್ರೆ ನೆಟ್ ಬೌಲರ್ ಇದ್ದ ಹಾಗೆ. ನಮ್ಮ ಆಟಗಾರರು ಇವನ ಮೇಲೆ ಅದೆಷ್ಟು ಸಲ ಗೋಲು ಹೊಡೆದಿದ್ರೋ. 2004ರಲ್ಲಿ ಇವನ ಕಿಡ್ನಿ ಕೈಕೊಟ್ಟು, ತಾಯಿ ತಮ್ಮ ಕಿಡ್ನಿ ಕೊಟ್ಟಿದ್ರು. ಇದೆಲ್ಲ ನಮಗೆ ಗೊತ್ತಾಗಿದ್ದು ಮಾರನೇ ದಿನದ ಪೇಪರಿನಲ್ಲಿ. ಆ ಹೊತ್ತಿಗೆ ನಮಗೆ ಕಂಡಿದ್ದು ಗೋಲಿನ ಮುಂದೆ ಸ್ವಲ್ಪ ತಡಬಡಾಯಿಸ್ತಿದ್ದ ಒಬ್ಬ ಮನುಷ್ಯ.

*

ಕ್ಯಾರೊಲಿನಾ ಇನ್ನೊಂದು ಗೋಲು ಹೊಡೆದು 4-1 ಮಾಡಿತು. ಆಮೇಲೆ ನಮ್ಮ ನಾಯಕ ಜಾನ್ ಟವಾರೆಸ್ ಹೊಡೆದ. ಏರ್ಸ್‌ಗೆ ಬಂದ ಮೊದಲನೇ ಹೊಡೆತ, ಗೋಲು. 4-2. ಎರಡನೇ ಹೊಡೆತ ಪಿಯರ್ ಎಂಗ್ವಾಲ್‌ದು, ಅದೂ ಗೋಲು. 4-3. ಎರಡು ಹೊಡೆತ, ಎರಡು ಗೋಲು! ಅರೀನಾ ಹಾರಿಹೋಗೋದೊಂದು ಬಾಕಿ. ಮಗ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಕಸಿವಿಸಿ. ಪಾಪ, ಮನೆಯಿಂದ ಮ್ಯಾಚ್ ನೋಡೋಕೆ ಬಂದವನನ್ನ ಎಳೆದು ತಂದು ಇಷ್ಟು ಜನರ ಮುಂದೆ ನಿಲ್ಲಿಸಿದ್ದಾರಲ್ಲ ಅಂತ. ಕಲ್ಯಾಣಮಂಟಪದಲ್ಲಿ ಊಟಕ್ಕೆ ಕೂತವನನ್ನ ಎಬ್ಬಿಸಿ ಅಡುಗೆ ಭಟ್ಟರಿಗೆ ಹುಷಾರಿಲ್ಲ, ಸಾವಿರ ಜನಕ್ಕೆ ಸಾರು ನೀನೇ ಮಾಡು ಅಂದ ಹಾಗೆ.

ವಿರಾಮ ಆಯ್ತು, ಗಾಡಿಗಳು ಬಂದು ಐಸ್ ನುಣುಪು ಮಾಡಿ ಹೋದ್ವು. ಮೂರನೇ ಅವಧಿ ಶುರುವಾಗಿ ಒಂದು ನಿಮಿಷ ಆಗೋದರೊಳಗೆ ಕ್ಯಾರೊಲಿನಾ ಐದನೇ ಗೋಲು ಹೊಡೀತು. ಆಮೇಲಿಂದ ಆ ತಂಡ ಆಡಿದ ಆಟ ಇದೆಯಲ್ಲ, ಅದನ್ನ ನೋಡೋಕೆ ಅರೀನಾದಲ್ಲೇ ಇರಬೇಕಿತ್ತು. ನಮ್ಮೋರು ಯಾರಾದ್ರೂ ಪಕ್ ತಗೊಂಡು ಮುಂದೆ ಬಂದ್ರೆ ಮೂರು ಮೂರು ಜನ ಮೇಲೆ ಬೀಳ್ತಿದ್ರು. ಒಬ್ಬ ಮೈಯನ್ನೇ ಅಡ್ಡ ಹಾಕ್ತಿದ್ದ, ಇನ್ನೊಬ್ಬ ಕೋಲು ಅಡ್ಡ ಇಡ್ತಿದ್ದ. ಒಂದೆರಡು ಗಂಟೆ ಹಿಂದೆ ಮುಖ ಪರಿಚಯವೂ ಇಲ್ಲದ ಮನುಷ್ಯನಿಗೋಸ್ಕರ! ಹಸಿ ಬಾಣಂತಿ ಇರೋ ಮನೆಯಲ್ಲಿ ಗಾಳಿ ಬರದ ಹಾಗೆ ಕಿಟಕಿ ಬಾಗಿಲು ಮುಚ್ತಾರಲ್ಲ, ಹಾಗೆ ಆ ಗೋಲಿನ ಸುತ್ತ ಕಾವಲು. ನಮ್ಮೋರಿಗೆ ಗೋಲಿಯ ಹತ್ತಿರ ಸುಳಿಯೋದೇ ಕಷ್ಟ ಆಯ್ತು.

ಹಾಗೂ ಕೆಲವು ಹೊಡೆತ ದಾಟಿಕೊಂಡು ಬಂದವು. ಏರ್ಸ್ ಮೊದಲನೆಯದನ್ನ ತಡೆದಾಗ ಚಪ್ಪಾಳೆ ಬಿತ್ತು, ಅರ್ಧ ತಮಾಷೆಗೆ. ಮುಂದಿನದಕ್ಕೆ ತಮಾಷೆ ಇರಲಿಲ್ಲ. ಒಂದು ಹೊಡೆತವನ್ನ ಮಂಡಿಯೂರಿ ಎದೆಗೆ ತಗೊಂಡು ಅವಚಿಕೊಂಡಾಗ ನಮ್ಮ ಸಾಲಿನ ಕೊನೇಲಿ ಕೂತಿದ್ದ ವಯಸ್ಸಾದವರೊಬ್ಬರು, ಲೀಫ್ಸ್‌ನ ಹಳೇ ಅಂಗಿ ತೊಟ್ಟವರು, ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಎದ್ದೆ. ಸುತ್ತ ಮುತ್ತ ಎಷ್ಟೋ ಜನ ಎದ್ದಿದ್ರು. ನಮ್ಮ ಊರು, ನಮ್ಮ ಅರೀನಾ, ನಮ್ಮ ತಂಡಕ್ಕೆ ಗೋಲು ತಪ್ಪಿಸಿದವನಿಗೆ ಚಪ್ಪಾಳೆ.

ಮಗ ನನ್ನ ಕೋಟು ಹಿಡಿದು ಜಗ್ಗಿದ. "ಅಪ್ಪಾ, ಏನ್ ಮಾಡ್ತಿದೀಯಾ ನೀನು? ಕೂತ್ಕೋ!"

ಕಣ್ಣಲ್ಲಿ ನೀರು. ಹನ್ನೊಂದು ವರ್ಷದ ಹುಡುಗ.

ಮ್ಯಾಚು 6-3ಕ್ಕೆ ಮುಗೀತು. ಮೊದಲ ಎರಡು ಹೊಡೆತ ಬಿಟ್ಟುಕೊಟ್ಟವನು ಆಮೇಲೆ ಬಂದ ಎಂಟಕ್ಕೆ ಎಂಟನ್ನೂ ತಡೆದಿದ್ದ. ಕ್ಯಾರೊಲಿನಾದವರೆಲ್ಲ ಬೆಂಚಿನಿಂದ ಹಾರಿ ಬಂದು ಅವನನ್ನ ಮುತ್ತಿಕೊಂಡ್ರು. ಮ್ಯಾಚಿನ ಶ್ರೇಷ್ಠ ಆಟಗಾರ ಅಂತ ಅವನ ಹೆಸರನ್ನೇ ಕೂಗಿದಾಗ ಇಡೀ ಅರೀನಾ ಚಪ್ಪಾಳೆ ಹೊಡೀತು. ಲೀಗಿನ ಇತಿಹಾಸದಲ್ಲಿ ಮೊದಲನೇ ಮ್ಯಾಚಿನಲ್ಲೇ ಗೆದ್ದ ಅತ್ಯಂತ ಹಿರಿಯ ಗೋಲಿ ಅವನು. ಸಿಕ್ಕಿದ್ದು 500 ಡಾಲರ್ ಮತ್ತು ತೊಟ್ಟಿದ್ದ ಅಂಗಿ. ಕೋಲು ಹಾಕಿ ಮ್ಯೂಸಿಯಮ್ಮಿಗೆ ಹೋಯ್ತು.

*

ವಾಪಸ್ ಬರುವಾಗ ಗೋ ಟ್ರೈನಿನಲ್ಲಿ ನೀಲಿ ಅಂಗಿಗಳೇ ತುಂಬಿದ್ವು. ಕೆಲವರು ನಗ್ತಿದ್ರು, ಕೆಲವರು ತಂಡಕ್ಕೆ ಬೈತಿದ್ರು. ಮಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಎರಡು ಸ್ಟೇಷನ್ ಆದ ಮೇಲೆ ಕೇಳಿದ:

"ಚಿನ್ನಸ್ವಾಮಿಯಲ್ಲಿ ಪಿಚ್ ರೋಲ್ ಮಾಡೋನು ಬಂದು ಬೌಲಿಂಗ್ ಮಾಡಿ ನಿನ್ನ ಆರ್‌ಸಿಬಿನ ಸೋಲಿಸಿದ್ರೆ, ಆಗ್ಲೂ ಎದ್ದು ನಿಂತು ಚಪ್ಪಾಳೆ ಹೊಡೀತೀಯಾ?"

ನೋಡಿ, ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿದ. ಬಾಯಿ ಮಾತಿಗೆ "ಹೊಡೀತೀನಿ" ಅಂದೆ. "ಸುಳ್ಳು" ಅಂದ. ಅಲ್ಲಿಗೆ ಮಾತು ಮುಗೀತು, ಮನೆ ಬರೋ ತನಕ.

ಅವನು ಕೇಳಿದ್ದರಲ್ಲಿ ನ್ಯಾಯ ಇದೆ. ನಾನು ಈ ಊರಿಗೆ ಬಂದು, ನೋಡಿ, ಇಷ್ಟಪಟ್ಟು ಲೀಫ್ಸ್ ಅಭಿಮಾನಿ ಆದವನು. ಆಸೆಪಟ್ಟು ಕಟ್ಟಿಕೊಂಡ ನಂಟು. ಅವನಿಗೆ ಅದು ಹುಟ್ಟಿನಿಂದ ಬಂದಿದ್ದು. ಸ್ಕೂಲಿನಲ್ಲಿ ಸೋಮವಾರ ಬೆಳಿಗ್ಗೆ ಆಡಿಸಿಕೊಳ್ಳೋನು ಅವನು, ನಾನಲ್ಲ. "ಜಾಂಬೋನಿ ಡ್ರೈವರ್ ಕೈಲಿ ಸೋತವರು" ಅಂತ ಇಡೀ ಖಂಡವೇ ವಾರಗಟ್ಟಲೆ ನಗಾಡಿತು. ಎದುರಾಳಿಗೆ ಚಪ್ಪಾಳೆ ಹೊಡೆಯೋ ದೊಡ್ಡತನ, ಅಷ್ಟೇನೂ ಕಳಕೊಳ್ಳಲು ಇಲ್ಲದವನಿಗೆ ಸುಲಭ. ಆರ್‌ಸಿಬಿ ವಿಷಯ ಬಂದಾಗ ನಾನೂ ಹನ್ನೊಂದು ವರ್ಷದ ಹುಡುಗನೇ ಅಂತ ನನ್ನ ಹೆಂಡತಿಯನ್ನ ಕೇಳಿದ್ರೆ ಹೇಳ್ತಾಳೆ. ಸೋತಾಗ ಹೊಟ್ಟೆ ಉರಿಯದವನು ಅಭಿಮಾನಿನೇ ಅಲ್ಲ, ಅವನು ಬರೀ ಪ್ರೇಕ್ಷಕ.

ಆದ್ರೆ ಆ ಸಾಲಿನ ಕೊನೇಲಿ ಎದ್ದು ನಿಂತ ಹಿರಿಯರು? ಆ ವಯಸ್ಸಿಗೆ ಅವರು 1967ನ್ನ ಕಣ್ಣಾರೆ ಕಂಡಿರಬೇಕು. ಆಮೇಲಿನ ಐವತ್ಮೂರು ವರ್ಷ ಕಾದೂ ಇರಬೇಕು. ಕಳಕೊಳ್ಳೋಕೆ ನನಗಿಂತ, ನನ್ನ ಮಗನಿಗಿಂತ ಜಾಸ್ತಿ ಇದ್ದಿದ್ದು ಅವರಿಗೆ. ಆದ್ರೂ ಮೊದಲು ಎದ್ದಿದ್ದು ಅವರೇ.

1999ರ ಜನವರಿ ನೆನಪಿದೆಯಾ ನಿಮಗೆ? ಚೆನ್ನೈನ ಚೆಪಾಕ್‌ನಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟು. ಸಚಿನ್ ಬೆನ್ನುನೋವಿನಲ್ಲಿ 136 ಹೊಡೆದು ಔಟಾದ, ನಾವು ಬರೀ 12 ರನ್ನಿಗೆ ಸೋತ್ವಿ. ಆಗ ಇಡೀ ಕ್ರೀಡಾಂಗಣ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ಹೊಡೀತು, ಅವರು ಒಂದು ಸುತ್ತು ಬಂದರು. ಆ ಚೆನ್ನೈ ಜನಕ್ಕೆ ಹೊಟ್ಟೆ ಉರಿದಿರಲಿಲ್ಲ ಅಂತ ಯಾರಾದ್ರೂ ಹೇಳೋಕಾಗುತ್ತಾ? ಉರಿದಿತ್ತು. ಉರೀತಾ ಇರುವಾಗಲೇ ಎದ್ದು ನಿಂತರು. ಟೊರೊಂಟೊದಲ್ಲಿ ಆ ಹಿರಿಯರನ್ನ ನೋಡಿದಾಗ ನಂಗೆ ಅರ್ಥ ಆಗಿದ್ದು ಇದು: ಸಂಕಟ, ಚಪ್ಪಾಳೆ ಎರಡೂ ಒಂದೇ ಎದೆಯಲ್ಲಿ ಇರಬಹುದು. ಒಂದಿದ್ರೆ ಇನ್ನೊಂದು ಸುಳ್ಳು ಅಂತ ಅಲ್ಲ. ಆದ್ರೆ ಇದನ್ನ ಹನ್ನೊಂದು ವರ್ಷದವನಿಗೆ ಹೇಳಿಕೊಡೋಕೆ ಬರಲ್ಲ, ಹೇಳಿಕೊಡಲೂಬಾರದು. ಮೊದಲು ಉರಿಯೋದನ್ನ ಕಲೀಲಿ.

ಮತ್ತೊಂದು ವಿಷಯ. ಏರ್ಸ್ ಎದುರಾಳಿ ಅಂಗಿ ತೊಟ್ಟಿದ್ದ ನಿಜ, ಆದ್ರೆ ಆ ರಾತ್ರಿ ಅಲ್ಲಿದ್ದವರಲ್ಲಿ ಅವನಷ್ಟು ಟೊರೊಂಟೊದವನು ಇನ್ಯಾರಿದ್ರು? ಆಟಗಾರರಲ್ಲಿ ಒಬ್ಬ ಸ್ವೀಡನ್ನಿನವನು, ಇನ್ನೊಬ್ಬ ಅರಿಜೋನಾದವನು. ಇವನು ಹಳೇ ಗಾರ್ಡನ್ಸ್‌ನ ಐಸನ್ನ ದಿನಾ ಸಾರಿಸಿ ಕೊಡೋನು. ನಮ್ಮ ಮಕ್ಕಳು ಬೆಳಿಗ್ಗೆ ಆರು ಗಂಟೆಗೆ ಸ್ಕೇಟಿಂಗ್ ಕಲಿಯೋಕೆ ಹೋಗೋ ರಿಂಕುಗಳನ್ನ ಐದು ಗಂಟೆಗೆ ಬಂದು ಸಿದ್ಧ ಮಾಡೋ ನೂರಾರು ಜನರಲ್ಲಿ ಒಬ್ಬ. ಅಂಥವನೊಬ್ಬ ಇಪ್ಪತ್ತೆಂಟು ನಿಮಿಷ ಗೋಲು ಕಾದು ಗೆದ್ದಾಗ, ಸೋತಿದ್ದು ನಮ್ಮ ತಂಡ ಆದ್ರೂ ಗೆದ್ದವನು ನಮ್ಮವನಲ್ಲ ಅನ್ನೋಕೆ ನಂಗೆ ಮನಸ್ಸು ಬರಲ್ಲ.

*

ಇದಾಗಿ ಮೂರು ವಾರಕ್ಕೆ, ಮಾರ್ಚ್ 12ಕ್ಕೆ, ಕೊರೋನಾದಿಂದ ಲೀಗು ನಿಂತುಹೋಯ್ತು. ಆಮೇಲೆ ಬಹಳ ಕಾಲ ಖಾಲಿ ಕುರ್ಚಿಗಳ ಮುಂದೆ ಆಟ ನಡೀತು, ಟಿವಿಯವರು ನಕಲಿ ಚಪ್ಪಾಳೆ ಸೇರಿಸಿ ತೋರಿಸಿದ್ರು. ಮನೇಲಿ ಕೂತು ನೋಡುವಾಗ ಪಕ್ ಮತ್ತೆ ಕಾಣದಾಯ್ತು :-( ಆ ಖಾಲಿ ಅರೀನಾ ನೋಡಿದಾಗ ಫೆಬ್ರವರಿಯ ಆ ರಾತ್ರಿ ಎಷ್ಟು ದೊಡ್ಡದು ಅಂತ ಗೊತ್ತಾಗ್ತಿತ್ತು.

2023ರಲ್ಲಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಲೀಫ್ಸ್ ಪ್ಲೇಆಫ್‌ನಲ್ಲಿ ಒಂದು ಸುತ್ತು ಗೆದ್ದಿತು. 2025ರ ಮೇ ತಿಂಗಳಲ್ಲಿ ಫ್ಲೋರಿಡಾ ಮೇಲೆ ಏಳನೇ ಮ್ಯಾಚು, ನಮ್ಮದೇ ಅರೀನಾದಲ್ಲಿ, 6-1ಕ್ಕೆ ಸೋಲು. ಅದಾಗಿ ಎರಡು ವಾರಕ್ಕೆ, ಜೂನ್ 3ಕ್ಕೆ, ಆರ್‌ಸಿಬಿ ಕಪ್ ಗೆದ್ದಿತು. ಮನೇಲಿ ನಾನು ಕುಣಿದಿದ್ದೇ ಕುಣಿದಿದ್ದು. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು ಅಂತ ಸುದ್ದಿ ಬಂದಾಗ ಮಗ ಬಂದು ಸುಮ್ಮನೆ ಪಕ್ಕ ಕೂತ. ಅವರಲ್ಲಿ ಅವನ ವಯಸ್ಸಿನವರೂ ಇದ್ದರು. ಅಭಿಮಾನದ ಬಗ್ಗೆ ಆ ದಿನ ನಾವಿಬ್ಬರೂ ಏನೂ ಮಾತಾಡಲಿಲ್ಲ.

ಈಗ ಅವನು ನನಗಿಂತ ಎತ್ತರ. ಆ ಪ್ರಶ್ನೆಯನ್ನ ಮತ್ತೆ ಕೇಳಿಲ್ಲ. ಕೇಳಿದ್ರೆ ಏನು ಹೇಳಬೇಕು ಅಂತ ನಾನೂ ಪೂರ್ತಿ ತೀರ್ಮಾನಿಸಿಲ್ಲ. ಚಿನ್ನಸ್ವಾಮಿಯಲ್ಲಿ ರೋಲರ್ ಎಳೆಯೋನು ಬಂದು ನಮ್ಮನ್ನ ಸೋಲಿಸಿದ್ರೆ ನೀವು ಎದ್ದು ನಿಲ್ತೀರಾ? ನಿಜ ಹೇಳಿ.

ಕೊನೇ ಕೊಸರು: 2025ರಲ್ಲಿ ಲೀಗಿಗೂ ಆಟಗಾರರ ಸಂಘಕ್ಕೂ ಹೊಸ ಒಪ್ಪಂದ ಆಯ್ತು. ಅದರ ಪ್ರಕಾರ 2026-27ರ ಸೀಸನ್ನಿಂದ ಪ್ರತಿ ತಂಡಕ್ಕೂ ಸಂಬಳ ಕೊಟ್ಟು ಇಟ್ಟುಕೊಂಡ, ಜೊತೆಯಲ್ಲೇ ಊರೂರು ತಿರುಗೋ ತುರ್ತು ಗೋಲಿ ಇರಬೇಕು. ಒಳ್ಳೇದೇ, ಆಟಕ್ಕೆ ಅದೇ ಸರಿ. ಆದ್ರೆ ಪ್ರೇಕ್ಷಕರ ಸಾಲಿನಿಂದ ಎದ್ದು ಹೋಗಿ ಗೋಲು ಕಾಯೋ ಜಾಂಬೋನಿ ಡ್ರೈವರ್ ಇನ್ಮೇಲೆ ಇರಲ್ಲ. ಟೊರೊಂಟೊಗೆ ಬಂದ್ರೆ ಆ ಹಳೇ ಗಾರ್ಡನ್ಸ್ ಕಟ್ಟಡದ ದಿನಸಿ ಅಂಗಡಿಗೊಮ್ಮೆ ಹೋಗಿ. ಸಾಮಾನಿನ ಕಪಾಟುಗಳ ನಡುವೆ ನೆಲದ ಮೇಲೆ ಒಂದು ಕೆಂಪು ಚುಕ್ಕೆ ಇದೆ, ಹಿಂದೆ ರಿಂಕಿನ ನಟ್ಟನಡುವೆ ಇದ್ದ ಜಾಗ ಅದು. ಜನ ಅದರ ಮೇಲೇ ಟ್ರಾಲಿ ತಳ್ಳಿಕೊಂಡು ಹೋಗ್ತಿರ್ತಾರೆ.